ಕದಲದ ಸಂತನೆಡೆಗೆ ಕೂಕಟ್‌ಪಲ್ಲಿಯಿಂದ: ಕಾರ್ಕಳ ಅತ್ತೂರಿನ ಲಾರೆನ್ಸರ ಜಾತ್ರೆ

ಕೂಕಟ್‌ಪಲ್ಲಿ: ಸಂಕ್ರಾಂತಿ ಬಂತೆಂದರೆ ಕೂಕಟ್‌ಪಲ್ಲಿ ಅರ್ಧ ಖಾಲಿಯಾಗುವುದು ಇಲ್ಲಿನವರಿಗೆ ಹೊಸತಲ್ಲ. ಕೆಪಿಎಚ್‌ಬಿ ಕಾಲನಿಯಿಂದ ಮಿಯಾಪುರದ ತನಕ ರಸ್ತೆ ಬದಿಯಲ್ಲಿ ಚೀಲ, ಸೂಟ್‌ಕೇಸ್ ಹಿಡಿದು ಬಸ್ಸಿಗೆ ಕಾಯುವ ಜನ. ಗೋದಾವರಿ ಜಿಲ್ಲೆಗಳಿಗೆ, ಗುಂಟೂರಿಗೆ, ವಿಜಯವಾಡದ ಕಡೆಗೆ ಹೋದವರೆಲ್ಲ ಹಬ್ಬ ಮುಗಿಸಿ ಮರಳುವ ಹೊತ್ತಿಗೆ, ಅದೇ ಬಡಾವಣೆಗಳ ಇನ್ನೊಂದು ಸಣ್ಣ ಗುಂಪು ಊರಿಗೆ ಹೊರಡಲು ಅಣಿಯಾಗುತ್ತದೆ. ಸಂಖ್ಯೆಯಲ್ಲಿ ಇವರು ಕಡಿಮೆ. ಕಾರ್ಕಳ, ಬೆಳ್ಮಣ್, ಶಿರ್ವ, ಮೂಡುಬಿದಿರೆ ಕಡೆಯವರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಈಗ ಬೀದಿಯಲ್ಲಿ ತೆಲುಗು ಎನ್ನುವ ಜನ. ಸಂಕ್ರಾಂತಿ ರಜೆ ಮುಗಿದ ಮೇಲೆ ಮತ್ತೆ ರಜೆ ಕೇಳುವುದು ಆಫೀಸಿನಲ್ಲಿ ಸುಲಭವಲ್ಲ. ಗಣರಾಜ್ಯೋತ್ಸವದ ಒಂದು ದಿನ ಇವರ ಪಾಲಿಗೆ ಆಧಾರ. ಅದರ ಹಿಂದೆ ಮುಂದೆ ಒಂದೆರಡು ದಿನ ಸೇರಿಸಿಕೊಂಡು ಹೊರಟರೆ ಜನವರಿ ಕೊನೆಯ ವಾರದ ಅತ್ತೂರು ಜಾತ್ರೆ ಸಿಕ್ಕೀತು.

ಉಡುಪಿ ಜಿಲ್ಲೆಯ ಕಾರ್ಕಳ ಪೇಟೆಯಿಂದ ನಿಟ್ಟೆ ಕಡೆಗೆ ನಾಲ್ಕೈದು ಕಿಲೋಮೀಟರ್ ಹೋದರೆ ಪರ್ಪಲೆ ಗುಡ್ಡದ ಬುಡದಲ್ಲಿ ಅತ್ತೂರಿನ ಸಂತ ಲಾರೆನ್ಸರ ದೇವಾಲಯ ಇದೆ. ಕರಾವಳಿಯಲ್ಲಿ ಇದನ್ನು ಬಸಿಲಿಕ ಎಂದು ಕರೆಯುವವರಿಗಿಂತ ‘ಅತ್ತೂರು’ ಎಂದಷ್ಟೇ ಹೇಳುವವರು ಹೆಚ್ಚು. ‘ಅತ್ತೂರಿಗೆ ಹರಕೆ ಹೇಳಿದ್ದೇವೆ’ ಎಂದರೆ ಸಾಕು, ಯಾವ ಅತ್ತೂರು, ಯಾರಿಗೆ ಹರಕೆ ಎಂದು ಅಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಹೇಳಿಕೊಂಡವರು ಕ್ರೈಸ್ತರೇ ಆಗಿರಬೇಕೆಂದೂ ಇಲ್ಲ.

ಪಾಲಕ ಸಂತ ಎಂದರೆ

ಕಥೋಲಿಕ ಕ್ರೈಸ್ತರಲ್ಲಿ ಪ್ರತಿ ಚರ್ಚ್‌ಗೂ ಒಂದು ಹೆಸರು ಇರಲೇಬೇಕು. ಅದು ಏಸುಕ್ರಿಸ್ತನ ಹೆಸರಾಗಿರಬಹುದು, ಮರಿಯ ಮಾತೆಯದಾಗಿರಬಹುದು, ಸಂತರೊಬ್ಬರದಾಗಿರಬಹುದು. ಚರ್ಚ್ ಒಮ್ಮೆ ಪ್ರತಿಷ್ಠೆಯಾದ ಮೇಲೆ ಆ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಧರ್ಮಸಭೆಯ ಕಾನೂನು. ಗುರುಗಳು ಬದಲಾಗುತ್ತಾರೆ, ಕಟ್ಟಡ ಬದಲಾಗುತ್ತದೆ, ಸಂತರು ಬದಲಾಗುವುದಿಲ್ಲ. ಆ ಸಂತರ ದಿನವೇ ಊರಿನ ಹಬ್ಬ. ಕರಾವಳಿಯ ತುಳುವರು ಇದನ್ನು ಸಾಂತ್‌ಮಾರಿ ಎನ್ನುವರು, ಕೊಂಕಣಿಯವರು ಫೆಸ್ತ್ ಎನ್ನುವರು.

ಕನ್ನಡ ಸಂಘದ ಇತರ ಸದಸ್ಯರಿಗೆ ಇದು ಗ್ರಾಮದೇವತೆಯ ಜಾತ್ರೆಯಂತೆಯೇ ಕಾಣುವುದು ಸಹಜ. ನೋಡಲು ಹಾಗೆಯೇ ಇದೆ ಕೂಡ. ಆದರೆ ಒಂದು ವ್ಯತ್ಯಾಸವನ್ನು ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೆ ತಪ್ಪದೆ ಹೇಳಿಕೊಡುತ್ತಾರೆ: ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ. ಸಂತರು ದೇವರ ಬಳಿ ನಮ್ಮ ಪರವಾಗಿ ಬೇಡಿಕೊಳ್ಳುವವರು, ಒಳ್ಳೆಯ ವಕೀಲರಿದ್ದಂತೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಈ ಗೆರೆ ಅಷ್ಟು ನೇರವಾಗಿ ಉಳಿಯುತ್ತದೆಯೇ ಎಂದು ಕೇಳಿದರೆ, ಗುರುಗಳೇ ಮುಗುಳ್ನಕ್ಕು ಸುಮ್ಮನಾದಾರು.

ಲಾರೆನ್ಸರು ಮೂರನೇ ಶತಮಾನದವರು. ಸ್ಪೇನ್ ದೇಶದಲ್ಲಿ ಹುಟ್ಟಿದವರೆಂದು ಪರಂಪರೆ ಹೇಳುತ್ತದೆ. ರೋಮ್ ನಗರದಲ್ಲಿ ಪೋಪ್ ಎರಡನೇ ಸಿಕ್ಸ್ಟಸ್ ಅವರ ಕೈಕೆಳಗೆ ಏಳು ಮಂದಿ ಡೀಕನ್‌ಗಳಿದ್ದರು, ಅವರಲ್ಲಿ ಇವರೊಬ್ಬರು. ಡೀಕನ್ ಎಂದರೆ ಗುರುಪಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸೇವೆ. ಸಭೆಯ ಹಣಕಾಸು, ಬಡವರಿಗೆ ದಾನ, ಇವು ಲಾರೆನ್ಸರ ಜವಾಬ್ದಾರಿ. ಕ್ರಿ.ಶ. 258ರಲ್ಲಿ ಚಕ್ರವರ್ತಿ ವಲೇರಿಯನ್ ಕ್ರೈಸ್ತ ಮುಖಂಡರನ್ನು ಕೊಲ್ಲಲು ಆಜ್ಞೆ ಹೊರಡಿಸಿದ. ಆಗಸ್ಟ್ 6ರಂದು ಪೋಪರ ಶಿರಚ್ಛೇದವಾಯಿತು. ನಾಲ್ಕು ದಿನ ಬಿಟ್ಟು ಲಾರೆನ್ಸರ ಸರದಿ.

ಆ ನಾಲ್ಕು ದಿನಗಳಲ್ಲಿ ನಡೆದದ್ದೇ ಅವರ ಹೆಸರನ್ನು ಉಳಿಸಿದ ಕಥೆ. ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ನಗರಾಧಿಕಾರಿ ಕೇಳಿದನಂತೆ. ಲಾರೆನ್ಸರು ಮೂರು ದಿನ ಗಡುವು ಕೇಳಿದರು. ಇದ್ದುದನ್ನೆಲ್ಲ ಹಂಚಿದರು. ಗಡುವು ಮುಗಿದಾಗ ರೋಮಿನ ಕುಂಟರು, ಕುರುಡರು, ವಿಧವೆಯರು, ಅನಾಥರನ್ನು ಕರೆತಂದು ಸಾಲಾಗಿ ನಿಲ್ಲಿಸಿ, ಸಭೆಯ ಸಂಪತ್ತು ಇವರೇ ಎಂದು ತೋರಿಸಿದರು. ಅಧಿಕಾರಿ ಕೆರಳಿದ. ಕಬ್ಬಿಣದ ಸರಳಿನ ಮಂಚದ ಮೇಲೆ ಮಲಗಿಸಿ ಕೆಳಗೆ ಕೆಂಡ ಹಾಕಿ ಸುಟ್ಟು ಕೊಂದರೆಂದು ಕಥೆ. ಇತಿಹಾಸಕಾರರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಪೋಪರಂತೆ ಲಾರೆನ್ಸರಿಗೂ ಶಿರಚ್ಛೇದವೇ ಆಗಿರಬೇಕೆಂದು ಅವರ ಅಭಿಪ್ರಾಯ. ಕೆಂಡದ ಕಥೆ ಬರವಣಿಗೆಗೆ ಬಂದದ್ದು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ. ಆದರೆ ಜನಮಾನಸ ಕೆಂಡವನ್ನೇ ಹಿಡಿದುಕೊಂಡಿತು. ಇಂದಿಗೂ ಲಾರೆನ್ಸರ ಪ್ರತಿಮೆಯ ಕೈಯಲ್ಲಿ ಸರಳಿನ ಚೌಕಟ್ಟು ಇರುತ್ತದೆ. ಅಡುಗೆಯವರಿಗೂ ಅಗ್ನಿಶಾಮಕ ದಳದವರಿಗೂ ಅವರೇ ಪಾಲಕರು. ಸಭೆಯ ಕಾಗದಪತ್ರಗಳನ್ನು ಕಾಪಾಡಿದವರೆಂಬ ಕಾರಣಕ್ಕೆ ಗ್ರಂಥಪಾಲಕರಿಗೂ ದಾಖಲೆ ಕಾಯುವವರಿಗೂ ಪಾಲಕರು. ಈ ಕೊನೆಯ ಮಾತಿಗೂ ಕೂಕಟ್‌ಪಲ್ಲಿಗೂ ಸಂಬಂಧವಿದೆ, ಅದು ಮುಂದೆ ಬರುತ್ತದೆ.

ಏಳದೆ ಕುಳಿತ ಪ್ರತಿಮೆ

ಅತ್ತೂರು ಚರ್ಚ್‌ನ ಆರಂಭ 1759ರಲ್ಲಿ. ಆಗ ಕೆನರಾದ ಕ್ರೈಸ್ತರೆಂದರೆ ಹೆಚ್ಚಿನಂಶ ಗೋವಾದಿಂದ ಬಂದು ಬೇಸಾಯಕ್ಕೆ ನಿಂತವರು, ಅಂದರೆ ಅವರೂ ಒಂದು ಕಾಲದ ವಲಸಿಗರೇ. ಮೊದಲ ಚರ್ಚ್ ಇದ್ದದ್ದು ಈಗಿನ ಜಾಗದಲ್ಲಲ್ಲ, ಕೆಲವು ಕಿಲೋಮೀಟರ್ ಆಚೆ ಎನ್ನಲಾಗುತ್ತದೆ. ಅದು ಇಪ್ಪತ್ತೈದು ವರ್ಷ ಬಾಳಿತು.

1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದ ದಿನ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಬ್ರಿಟಿಷರ ಜತೆ ಕೈಜೋಡಿಸಿದರೆಂಬುದು ಅವರ ಮೇಲಿದ್ದ ಆರೋಪ. ಎಷ್ಟು ಜನ ಎಂಬುದರಲ್ಲಿ ಬರೆದವರೊಬ್ಬೊಬ್ಬರ ಲೆಕ್ಕ ಒಂದೊಂದು. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದ ತನಕ ಹೇಳುವವರಿದ್ದಾರೆ. ಘಟ್ಟ ಹತ್ತುವಾಗಲೇ ಸತ್ತವರು ಬಹಳ. 27 ಚರ್ಚ್‌ಗಳು ನೆಲಸಮವಾದವೆಂದು ಮಂಗಳೂರಿನ ಚರಿತ್ರೆಕಾರರು ಬರೆದಿದ್ದಾರೆ. ಅತ್ತೂರಿನದೂ ಅಂದು ಹೋಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಉಳಿದವರು ಊರಿನತ್ತ ಹೊರಟರು. ಹದಿನೈದು ವರ್ಷದ ಕಾಲದಲ್ಲಿ ಅವರ ಗದ್ದೆಗಳು ಬೇರೆಯವರ ಪಾಲಾಗಿದ್ದವು, ಚರ್ಚ್ ಇದ್ದ ಗುರುತೂ ಅಳಿದಿತ್ತು.

ಇಲ್ಲಿಂದ ಚರಿತ್ರೆಯ ಕೈಬಿಟ್ಟು ಪ್ರತೀತಿಯ ಕೈ ಹಿಡಿಯಬೇಕು. ಮರಳಿದ ಜನ ಹೊಸ ಚರ್ಚ್‌ಗೆ ಜಾಗ ಹುಡುಕುತ್ತಾ ಹೊರಟರಂತೆ. ಅವರ ಬಳಿ ಇದ್ದದ್ದು ಸಂತ ಲಾರೆನ್ಸರ ಒಂದು ಸಣ್ಣ ಮರದ ಪ್ರತಿಮೆ, ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟರದು. ಪರ್ಪಲೆ ಗುಡ್ಡದ ಬುಡಕ್ಕೆ ಬರುವಾಗ ಬಾಯಾರಿಕೆ. ಅಲ್ಲೊಂದು ನೀರಿನ ಒರತೆ. ಪ್ರತಿಮೆಯನ್ನು ನೆಲದ ಮೇಲಿಟ್ಟು ನೀರು ಕುಡಿದು ದಣಿವಾರಿಸಿಕೊಂಡರು. ಹೊರಡುವಾಗ ಎತ್ತಿದರೆ ಪ್ರತಿಮೆ ಏಳಲಿಲ್ಲ. ಎಷ್ಟು ಜನ ಸೇರಿ ಎಳೆದರೂ ಕದಲಲಿಲ್ಲ. ನಿಮಗೆ ಇದೇ ಜಾಗ ಇಷ್ಟವೆಂದಾದರೆ ಇಲ್ಲಿಯೇ ಚರ್ಚ್ ಕಟ್ಟುತ್ತೇವೆ ಎಂದು ಗುರುಗಳು ಮೊಣಕಾಲೂರಿ ಮಾತು ಕೊಟ್ಟ ಮೇಲೆಯೇ ಪ್ರತಿಮೆ ಹಗುರಾಯಿತಂತೆ.

ಈ ಕಥೆಯ ರೂಪ ಕನ್ನಡ ನಾಡಿನವರಿಗೆ ಹೊಸತೇನಲ್ಲ. ಗಾಡಿ ಮುಂದೆ ಹೋಗಲಿಲ್ಲ, ಲಿಂಗ ನೆಲಕ್ಕೆ ಕಚ್ಚಿತು, ದೇವರು ಇಲ್ಲೇ ನಿಲ್ಲುತ್ತೇನೆಂದ, ಎಂಬ ಸ್ಥಳಪುರಾಣ ಹೇಳದ ಊರು ಕಡಿಮೆ. ಗೋಕರ್ಣದ ಆತ್ಮಲಿಂಗವನ್ನು ಎಲ್ಲರೂ ಬಲ್ಲರು. ಪಡುವಣದಿಂದ ಬಂದ ಧರ್ಮವೊಂದು ತುಳುನಾಡಿನಲ್ಲಿ ಬೇರುಬಿಟ್ಟಾಗ ಅದು ಇಲ್ಲಿನ ಮಣ್ಣಿನ ಮಾತಿನಲ್ಲೇ ತನ್ನ ಕಥೆ ಹೇಳಿಕೊಂಡಿತು ಎಂದರೆ ತಪ್ಪಾಗಲಾರದು. ಆದರೆ ಹೇಳಿದವರ ಸ್ಥಿತಿಯನ್ನೂ ನೋಡಬೇಕು. ಹದಿನೈದು ವರ್ಷ ಸೆರೆಯಲ್ಲಿದ್ದು, ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಕಾಲುನಡಿಗೆಯಲ್ಲಿ ಮರಳಿ ಬಂದವರು ಅವರು. ಇನ್ನು ಇಲ್ಲಿಂದ ಕದಲುವುದಿಲ್ಲ ಎಂಬ ಮಾತು ಪ್ರತಿಮೆಯದ್ದೋ, ಹೊತ್ತವರದ್ದೋ?

ಸೋಗೆ ಹುಲ್ಲಿನ ಮಾಡಿನಿಂದ ಹೆಂಚಿನ ಮಾಡಿಗೆ, ಆ ಮೇಲೆ 20ನೇ ಶತಮಾನದ ಆರಂಭದ ಹೊತ್ತಿಗೆ ದೊಡ್ಡ ಕಟ್ಟಡಕ್ಕೆ ಚರ್ಚ್ ಬೆಳೆಯಿತು. ಒರತೆ ಇದ್ದ ಜಾಗ ಈಗ ಪುಷ್ಕರಿಣಿ. ಜಾತ್ರೆಗೆ ಬಂದವರು ಮೊದಲು ಅಲ್ಲಿಗೆ ಹೋಗಿ ನೀರು ಮುಟ್ಟಿಯೇ ಮುಂದೆ ಹೋಗುವುದು ರೂಢಿ. ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುವವರೂ ಅನೇಕರು.

ಆಗಸ್ಟಿನ ಸಂತ, ಜನವರಿಯ ಜಾತ್ರೆ

ಲಾರೆನ್ಸರ ಹಬ್ಬ ಆಗಸ್ಟ್ 10ಕ್ಕೆ. ಲೋಕದಲ್ಲೆಲ್ಲ ಅಂದೇ. ಮಂಗಳೂರಿನ ಬೊಂದೇಲ್‌ನಲ್ಲೂ ಲಾರೆನ್ಸರದೇ ಚರ್ಚ್ ಇದೆ, ಅಲ್ಲಿ ಆಗಸ್ಟಿನಲ್ಲೇ ಹಬ್ಬ. ಅತ್ತೂರಿನಲ್ಲಿ ಮಾತ್ರ ಜನವರಿ ಕೊನೆಗೆ. ಕಾರಣ ಊಹಿಸಲು ಪಂಡಿತರು ಬೇಕಿಲ್ಲ. ಘಟ್ಟದ ಬುಡದ ಕಾರ್ಕಳದಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಆಗಸ್ಟ್ ಒಳಗೆ. ಸೇತುವೆ, ಡಾಂಬರು ಇಲ್ಲದ ಕಾಲದಲ್ಲಿ ಆಗಸ್ಟಿನಲ್ಲಿ ಅತ್ತೂರಿಗೆ ಬರಬೇಕಾದರೆ ಲಾರೆನ್ಸರಷ್ಟೇ ಧೈರ್ಯ ಬೇಕಿತ್ತು. ಗದ್ದೆ ಕೆಲಸ ಬೇರೆ. ಕೊಯಿಲು ಮುಗಿದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಜನವರಿ. ಕರಾವಳಿಯ ಬಹಳಷ್ಟು ಚರ್ಚ್‌ಗಳ ವಾರ್ಷಿಕ ಹಬ್ಬ ನವೆಂಬರ್ ಮತ್ತು ಫೆಬ್ರವರಿ ನಡುವೆ ಬರುವುದನ್ನು ಗಮನಿಸಬಹುದು. ಕೋಲ, ನೇಮ, ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ, ಎಲ್ಲಕ್ಕೂ ಅದೇ ಹವಾಮಾನ.

ಅಂದರೆ ಬರುವವರ ಅನುಕೂಲ ನೋಡಿ ಸಂತರ ದಿನವನ್ನೇ ಆರು ತಿಂಗಳು ಸರಿಸಿದ ಊರಿದು. ಪ್ರತಿಮೆ ಕದಲಲಿಲ್ಲ, ಹಬ್ಬ ಕದಲಿತು. ದೂರದೂರಿನಲ್ಲಿರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕೆ?

ಹಬ್ಬ ಇತ್ತೀಚಿನ ವರ್ಷಗಳಲ್ಲಿ ಭಾನುವಾರದಿಂದ ಗುರುವಾರದ ತನಕ ಐದು ದಿನ ನಡೆಯುತ್ತಿದೆ. ಬೆಳಗ್ಗಿನಿಂದ ರಾತ್ರಿಯ ತನಕ ಒಂದರ ಹಿಂದೆ ಒಂದು ಬಲಿಪೂಜೆ, ಕೆಲವು ಕೊಂಕಣಿಯಲ್ಲಿ, ಕೆಲವು ಕನ್ನಡದಲ್ಲಿ. ಮಕ್ಕಳಿಗೆ, ಕಾಯಿಲೆಯವರಿಗೆ ಪ್ರತ್ಯೇಕ ಪೂಜೆಗಳೂ ಇರುತ್ತವೆ. ಪ್ರತಿ ವರ್ಷ ಬೈಬಲ್‌ನ ಒಂದು ವಾಕ್ಯ ಹಬ್ಬದ ವಿಷಯವಾಗಿರುತ್ತದೆ, ಪ್ರವಚನಗಳು ಅದರ ಸುತ್ತಲೇ. ಬೇರೆ ಬೇರೆ ಧರ್ಮಪ್ರಾಂತ್ಯಗಳ ಬಿಷಪರು ಬಂದು ಪೂಜೆ ಅರ್ಪಿಸುತ್ತಾರೆ. ಇವೆಲ್ಲ ಒಳಗಿನ ಮಾತು. ಹೊರಗೆ ರಸ್ತೆಯುದ್ದಕ್ಕೂ ಸಂತೆ: ಮಿಠಾಯಿ, ಬಳೆ, ಆಟಿಕೆ, ಮೇಣದ ಬತ್ತಿ. ಹರಕೆಯ ಮುಖ್ಯ ವಸ್ತು ಮೇಣದ ಬತ್ತಿಯೇ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಬತ್ತಿ ಹಚ್ಚುವವರಿದ್ದಾರೆ. ಊರಿಗೆ ಬರಲಾಗದ ಮಗಳಿಗೊಂದು, ದುಬೈಯಲ್ಲಿರುವ ಮಗನಿಗೊಂದು, ಹೈದರಾಬಾದಿನ ಮೊಮ್ಮಕ್ಕಳಿಗೊಂದೊಂದು ಎಂದು ಎಣಿಸಿ ಹಚ್ಚುವ ಅಜ್ಜಿಯಂದಿರನ್ನು ಅಲ್ಲಿ ಕಾಣದಿರುವುದು ಕಷ್ಟ.

ಕಾರ್ಕಳ ಎಂದರೆ 1432ರ ಗೊಮ್ಮಟ, 1586ರ ಚತುರ್ಮುಖ ಬಸದಿ, ವೆಂಕಟರಮಣ ದೇವಸ್ಥಾನ. ಒಂದೇ ಪೇಟೆಯ ಸುತ್ತ ಇಷ್ಟೆಲ್ಲ. ಅತ್ತೂರು ಜಾತ್ರೆಗೆ ಬರುವ ಜನರಲ್ಲಿ ಕ್ರೈಸ್ತೇತರರ ಪಾಲು ದೊಡ್ಡದು ಎಂಬುದನ್ನು ನೋಡಿದವರೆಲ್ಲ ಹೇಳುತ್ತಾರೆ. ಮಲ್ಲಿಗೆ ಹಿಡಿದು ಬರುವವರು, ಹಣೆಯಲ್ಲಿ ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕರಾವಳಿಯ ಸಾಮಾಜಿಕ ವಾತಾವರಣ ಹಲವು ಬಾರಿ ಕದಡಿದ ವರ್ಷಗಳಲ್ಲೂ ಈ ಸಾಲು ತುಂಡಾಗಿಲ್ಲ. ಭಾಷಣಗಳಲ್ಲಿ ‘ಸರ್ವಧರ್ಮ ಸಮನ್ವಯ’ ಎಂಬ ಪದ ಇಲ್ಲಿಗೆ ಅಂಟಿಕೊಂಡೇ ಬಂದಿದೆ. ಆದರೆ ಸಾಲಿನಲ್ಲಿ ನಿಂತವರಿಗೆ ಸಮನ್ವಯದ ಚಿಂತೆ ಇದ್ದಂತಿಲ್ಲ. ಅವರಿಗೆ ಮಗುವಿನ ಜ್ವರದ ಚಿಂತೆ, ಮದುವೆಯ ಚಿಂತೆ, ಕಳೆದ ವರ್ಷ ಹೇಳಿಕೊಂಡ ಹರಕೆ ತೀರಿಸುವ ಆತುರ.

ಇನ್ನೊಂದು ಗುಂಪನ್ನು ಮರೆಯುವಂತಿಲ್ಲ. ಜಾತ್ರೆಗೆ ಬೇಡುವವರೂ ಬರುತ್ತಾರೆ. ಎಲ್ಲ ಜಾತ್ರೆಗೂ ಬರುತ್ತಾರೆ ನಿಜ. ಆದರೆ ರೋಮಿನ ಕುಂಟ ಕುರುಡರನ್ನು ಸಂಪತ್ತೆಂದು ತೋರಿಸಿದ ಸಂತನ ಬಾಗಿಲಲ್ಲಿ ಅವರನ್ನು ನೋಡುವ ಕಣ್ಣು ಬೇರೆಯಾಗಬೇಕು. ಬಡವರಿಗೆ ಅನ್ನ ಹಾಕುವುದು, ಕಾಸು ಕೊಡುವುದು ಲಾರೆನ್ಸರಿಗೆ ಸಲ್ಲುವ ಹರಕೆ ಎಂದೇ ನಂಬುವ ಕುಟುಂಬಗಳಿವೆ. ಹೊಸ ಐನೂರರ ನೋಟು ಕಾಣಿಕೆ ಡಬ್ಬಿಗೆ ಹಾಕಿ ಚಿಲ್ಲರೆಯನ್ನು ಹೊರಗೆ ಹಾಕುವವರಿಗೆ ಲಾರೆನ್ಸರ ಕಥೆಯನ್ನು ಇನ್ನೊಮ್ಮೆ ಹೇಳಬೇಕಾದೀತು.

2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಉಡುಪಿ ಧರ್ಮಪ್ರಾಂತ್ಯ ರಚನೆಯಾದಾಗ ಅತ್ತೂರು ಅದರ ಪಾಲಿಗೆ ಬಂತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಅತ್ತೂರನ್ನು ಕಿರಿಯ ಬಸಿಲಿಕದ ಸ್ಥಾನಕ್ಕೇರಿಸಿದರು. ಕರ್ನಾಟಕದಲ್ಲಿ ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬಸಿಲಿಕದ ನಂತರ ಇದು ಎರಡನೆಯದು. ಹೈದರಾಬಾದಿನವರಿಗೆ ಬಸಿಲಿಕ ಪದ ಅಪರಿಚಿತವಲ್ಲ, ಸಿಕಂದರಾಬಾದಿನ ಸಂತ ಮೇರಿ ಚರ್ಚ್‌ಗೆ 2008ರಲ್ಲೇ ಆ ಗೌರವ ಸಂದಿದೆ. ಅರ್ಧ ಬಿಚ್ಚಿದ ಕೊಡೆ, ಕಂಬಕ್ಕೆ ಕಟ್ಟಿದ ಸಣ್ಣ ಗಂಟೆ, ಅಡ್ಡಲಾಗಿಟ್ಟ ಎರಡು ಬೀಗದ ಕೈಗಳ ಚಿಹ್ನೆ, ಇವು ಬಸಿಲಿಕದ ಗುರುತುಗಳು. ರೋಮಿನ ಪೋಪರ ಜತೆಗಿನ ವಿಶೇಷ ನಂಟನ್ನು ಇವು ಸೂಚಿಸುತ್ತವೆ. ಹರಕೆಯವರ ಪಾಲಿಗೆ ಅದು ಮೊದಲೂ ಅತ್ತೂರು, ಈಗಲೂ ಅತ್ತೂರು.

ದಫ್ತರದಲ್ಲಿ ಉಳಿದ ಹೆಸರು

ಕೂಕಟ್‌ಪಲ್ಲಿಯ ಕಥೋಲಿಕನೊಬ್ಬ ಯಾವ ಚರ್ಚ್‌ಗೆ ಸೇರಿದವನು? ಪ್ರಶ್ನೆ ಸರಳ, ಉತ್ತರ ಎರಡು.

ಧರ್ಮಸಭೆಯ ಕಾನೂನಿನಂತೆ ಚರ್ಚ್ ಸದಸ್ಯತ್ವ ಹುಟ್ಟಿನಿಂದಲ್ಲ, ವಾಸದಿಂದ. ಒಂದು ಊರಿನಲ್ಲಿ ಖಾಯಂ ಆಗಿ ನಿಲ್ಲುವ ಮನಸ್ಸಿನಿಂದ ನೆಲೆಸಿದರೆ, ಇಲ್ಲವೇ ಐದು ವರ್ಷ ವಾಸ ಪೂರೈಸಿದರೆ, ಅಲ್ಲಿನ ಚರ್ಚೇ ಅವನ ಚರ್ಚ್, ಅಲ್ಲಿನ ಗುರುವೇ ಅವನ ಗುರು. ಮೂರು ತಿಂಗಳಿದ್ದವನಿಗೂ ಒಂದು ಬಗೆಯ ಹಕ್ಕು ಬರುತ್ತದೆ. ಆ ಲೆಕ್ಕದಲ್ಲಿ ಇಲ್ಲಿ ಫ್ಲಾಟ್ ಕೊಂಡು ಹತ್ತು ವರ್ಷವಾದ ಕಾರ್ಕಳದವನು ಹೈದರಾಬಾದ್ ಮಹಾಧರ್ಮಪ್ರಾಂತ್ಯದ ಪ್ರಜೆ. ಭಾನುವಾರದ ಪೂಜೆ ಇಲ್ಲಿ, ತೆಲುಗಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಪಾಪನಿವೇದನೆ ಇಲ್ಲಿ, ಸತ್ತರೆ ಮಣ್ಣೂ ಇಲ್ಲಿ.

ಆದರೆ ಜ್ಞಾನಸ್ನಾನದ ದಫ್ತರ ಮಾತ್ರ ಬರುವುದಿಲ್ಲ. ಮಗುವಿಗೆ ಎಲ್ಲಿ ಜ್ಞಾನಸ್ನಾನವಾಯಿತೋ ಆ ಚರ್ಚ್‌ನ ಪುಸ್ತಕದಲ್ಲಿ ಹೆಸರು ಬರೆದರೆ ಅದು ಜೀವಮಾನವಿಡೀ ಅಲ್ಲಿಯೇ. ದೃಢೀಕರಣ ಸಂಸ್ಕಾರ ಬೇರೆ ಊರಿನಲ್ಲಾದರೂ, ಮದುವೆ ಬೇರೆ ದೇಶದಲ್ಲಾದರೂ, ಗುರುಪಟ್ಟ ಸಿಕ್ಕಿದರೂ, ಆ ಸುದ್ದಿ ಮೂಲ ಚರ್ಚ್‌ಗೆ ಹೋಗಿ ಅದೇ ಹೆಸರಿನ ಎದುರು ಟಿಪ್ಪಣಿಯಾಗಿ ಸೇರಬೇಕು. ಹಾಗಾಗಿ ಕೂಕಟ್‌ಪಲ್ಲಿಯಲ್ಲಿ ಮದುವೆ ನಿಶ್ಚಯವಾದ ಹುಡುಗ ಇಲ್ಲಿನ ಗುರುಗಳ ಬಳಿ ಹೋದರೆ ಅವರು ಮೊದಲು ಕೇಳುವುದು ಮೂಲ ಚರ್ಚ್‌ನಿಂದ ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಪತ್ರ. ಪೆಟ್ಟಿಗೆಯಲ್ಲಿಟ್ಟ ಹಳೆಯ ಪತ್ರ ನಡೆಯುವುದಿಲ್ಲ. ಅದನ್ನು ತೆಗೆಸಿದ ಮೇಲೆ ಹುಡುಗ ಎಲ್ಲಾದರೂ ಮದುವೆಯಾಗಿದ್ದರೆ? ಮೂಲ ದಫ್ತರಕ್ಕೆ ಮಾತ್ರ ಅದು ಗೊತ್ತು. ಆಧಾರ್ ಕಾರ್ಡ್ ವಿಳಾಸ ಬದಲಾಗುತ್ತದೆ, ಮತದಾರರ ಪಟ್ಟಿ ಬದಲಾಗುತ್ತದೆ, ಪಡಿತರ ಚೀಟಿ ಬದಲಾಗುತ್ತದೆ. ಜ್ಞಾನಸ್ನಾನದ ವಿಳಾಸ ಬದಲಾಗುವುದಿಲ್ಲ. ಸಂತ ಲಾರೆನ್ಸರನ್ನು ದಾಖಲೆ ಕಾಯುವವರ ಪಾಲಕ ಎಂದು ಕರೆದದ್ದು ಈ ಲೆಕ್ಕದಲ್ಲಿ ಅತ್ತೂರಿನವರಿಗೆ ಚೆನ್ನಾಗಿಯೇ ಒಪ್ಪುತ್ತದೆ. ಪ್ರತಿಮೆಯಂತೆ ದಫ್ತರವೂ ಕದಲದು.

ಇದು ಕ್ರೈಸ್ತರಿಗಷ್ಟೇ ಸೇರಿದ ಸಂಗತಿಯೇ ಎಂದರೆ, ಸಂಘದ ತುಳುನಾಡಿನ ಸದಸ್ಯರು ಒಪ್ಪಲಾರರು. ಮೂಲನಾಗನ ಬನ ಯಾರ ಜತೆಗೂ ಹೈದರಾಬಾದಿಗೆ ಬಂದಿಲ್ಲ. ಕುಟುಂಬದ ದೈವದ ಭಂಡಾರ ತರವಾಡು ಮನೆಯಲ್ಲೇ ಇದೆ. ತಂಬಿಲಕ್ಕೆ, ನೇಮಕ್ಕೆ ಅವರೂ ಊರಿಗೆ ಹೋಗಲೇಬೇಕು. ಮೈಲಾರಕ್ಕೆ, ಸವದತ್ತಿಗೆ ಹೋಗುವ ಉತ್ತರ ಕರ್ನಾಟಕದವರದೂ ಇದೇ ಕಥೆ. ದೇವರನ್ನು ಪಟದಲ್ಲಿ ತರಬಹುದು, ಜಾಗವನ್ನು ತರಲಾಗದು.

ಕಷ್ಟ ಇರುವುದು ಮುಂದಿನ ತಲೆಮಾರಿನಲ್ಲಿ. ಕೂಕಟ್‌ಪಲ್ಲಿಯಲ್ಲೇ ಹುಟ್ಟಿದ ಮಗುವಿಗೆ ಜ್ಞಾನಸ್ನಾನವೂ ಸಾಮಾನ್ಯವಾಗಿ ಇಲ್ಲಿಯೇ. ಅದರ ಹೆಸರು ಹೈದರಾಬಾದಿನ ದಫ್ತರದಲ್ಲಿ. ಇಪ್ಪತ್ತೈದು ವರ್ಷದ ನಂತರ ಆ ಮಗು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಮದುವೆಯಾಗುವಾಗ ಪತ್ರ ಬರೆಯಬೇಕಾದದ್ದು ಇಲ್ಲಿಗೆ, ಅತ್ತೂರಿಗಲ್ಲ. ಕಾಗದದ ನಂಟು ಅಲ್ಲಿಗೆ ಕಡಿಯುತ್ತದೆ. ಉಳಿಯುವುದು ಹರಕೆಯ ನಂಟು, ಅಜ್ಜಿ ಮನೆಯ ನಂಟು. ಅಜ್ಜಿ ಹೋದ ಮೇಲೆ ಮನೆ ಮಾರಿದರೆ ಹರಕೆಯೊಂದೇ. ಕೊಂಕಣಿಯ ಪ್ರಾರ್ಥನೆ ಬಾರದ, ಕನ್ನಡ ಅಕ್ಷರ ಓದದ ಮಕ್ಕಳಿಗೆ ಜಾತ್ರೆಯ ಪ್ರವಚನ ಅರ್ಥವಾಗುವುದಿಲ್ಲ. ಕೆಲವು ಮನೆಗಳು ಇದಕ್ಕೆ ಹಳೆಯ ಉಪಾಯ ಕಂಡುಕೊಂಡಿವೆ: ಹೆರಿಗೆಗೆ ಊರಿಗೆ ಹೋದಾಗಲೇ ಮಗುವಿನ ಜ್ಞಾನಸ್ನಾನವನ್ನೂ ಅಲ್ಲಿಯೇ ಮುಗಿಸುವುದು. ವಾಸದ ಚರ್ಚ್‌ನ ಗುರುಗಳಿಗೆ ತಿಳಿಸಿ ಒಪ್ಪಿಗೆ ಪಡೆದರೆ ಅದಕ್ಕೆ ಅಡ್ಡಿಯಿಲ್ಲ. ಆಗ ಹೆಸರು ಅಜ್ಜನ ಹೆಸರಿದ್ದ ಪುಸ್ತಕಗಳ ಸಾಲಿಗೇ ಸೇರುತ್ತದೆ. ಮುಂದೆ ಮದುವೆ ಕಾಲಕ್ಕೆ ಪತ್ರ ತರಿಸುವ ತಾಪತ್ರಯ ಇದ್ದದ್ದೇ. ಆ ತಾಪತ್ರಯ ಇರಲಿ ಎಂದೇ ಮಾಡುವವರೂ ಇದ್ದಾರೆ. ಒಮ್ಮೆಯಾದರೂ ಅತ್ತೂರಿನ ಆಫೀಸಿಗೆ ಹೋಗಿ ಹೆಸರು ಹೇಳಬೇಕಾಗುತ್ತದಲ್ಲ!

ಹಾಗೆಂದು ಇಲ್ಲಿನ ಚರ್ಚ್‌ನಲ್ಲಿ ಪರಕೀಯರಂತೆ ಇರುವುದೂ ಸರಿಯಲ್ಲ. ಗನ್‌ಫೌಂಡ್ರಿಯ ಸಂತ ಜೋಸೆಫರ ಪ್ರಧಾನಾಲಯ 1875ರಿಂದ ನಿಂತಿದೆ, ಇಟಲಿಯ ಗುರುಗಳು ಕಟ್ಟಿದ್ದು. ಜೋಸೆಫರು ಕೆಲಸಗಾರರ ಪಾಲಕ, ಹೆಂಡತಿ ಮಗುವನ್ನು ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ವಲಸೆ ಹೋದವರು. ಕೆಲಸ ಹುಡುಕಿ ಬಂದವರ ನಗರಕ್ಕೆ ಇವರಿಗಿಂತ ತಕ್ಕ ಸಂತರಿಲ್ಲ. ಮಾರ್ಚ್ 19 ಅವರ ದಿನ. ಅತ್ತೂರಿಗೆ ರಜೆ ಸಿಗದವರು ಅಂದು ಗನ್‌ಫೌಂಡ್ರಿಗೆ ಹೋಗಿ ಬರಬಹುದು.

ಹೋಗಿಬರುವವರಿಗೆ

ಹೈದರಾಬಾದಿನಿಂದ ಕರಾವಳಿಗೆ ಕಾಚಿಗುಡದಿಂದ ರೈಲು ಇದೆ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇರುವ ಕಾಚಿಗುಡದ ದಾರಿಯನ್ನು ಇಲ್ಲಿನ ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಈ ರೈಲು ಕಡಪ, ರೇಣಿಗುಂಟ, ಸೇಲಂ, ಪಾಲಕ್ಕಾಡ್, ಕೋಯಿಕ್ಕೋಡ್ ಸುತ್ತಿ, ಕರ್ನಾಟಕಕ್ಕೆ ಹೋಗಲು ನಾಲ್ಕು ರಾಜ್ಯ ತೋರಿಸಿ, ಮಂಗಳೂರು ಸೇರುತ್ತದೆ. ವಾರಕ್ಕೆ ಎರಡೇ ದಿನ. 2024ರಲ್ಲಿ ಇದನ್ನು ಮುರುಡೇಶ್ವರದ ತನಕ ವಿಸ್ತರಿಸಿದ ಮೇಲೆ ಉಡುಪಿಯವರಿಗೂ ಅನುಕೂಲವಾಗಿದೆ. ಮಂಗಳೂರಿನಿಂದ ಮೂಡುಬಿದಿರೆ ಮಾರ್ಗವಾಗಿ ಕಾರ್ಕಳಕ್ಕೆ ಸುಮಾರು 50 ಕಿಲೋಮೀಟರ್, ಉಡುಪಿಯಿಂದ ಅದಕ್ಕಿಂತ ಕಡಿಮೆ. ಬಸ್ಸಿನಲ್ಲಿ ಹೋಗುವವರು ಕೂಕಟ್‌ಪಲ್ಲಿ, ಮಿಯಾಪುರದಲ್ಲೇ ಖಾಸಗಿ ಸ್ಲೀಪರ್ ಹತ್ತಿ ಬೆಂಗಳೂರಿನಲ್ಲಿ ಇಳಿದು, ಅಲ್ಲಿಂದ ಕಾರ್ಕಳದ ರಾತ್ರಿ ಬಸ್ ಹಿಡಿಯುವುದುಂಟು.

ಜಾತ್ರೆಯ ಕೊನೆಯೆರಡು ದಿನ ಕಾರ್ಕಳದಿಂದ ಅತ್ತೂರಿನ ತನಕ ವಾಹನಗಳ ಸಾಲು. ಮಕ್ಕಳು, ಹಿರಿಯರು ಇರುವವರು ಭಾನುವಾರ ಅಥವಾ ಸೋಮವಾರದ ಬೆಳಗ್ಗಿನ ಪೂಜೆಗೆ ಹೋಗುವುದು ಮೇಲು. ಜ್ಞಾನಸ್ನಾನದ ಪತ್ರ ಬೇಕಾದವರು ಮಾತ್ರ ಆ ಐದು ದಿನಗಳಲ್ಲಿ ಕೇಳಲು ಹೋಗದಿರುವುದೇ ಒಳ್ಳೆಯದು. ಹಬ್ಬದ ಗಡಿಬಿಡಿ ಕಳೆದು, ಫೆಬ್ರವರಿಯ ಮೊದಲ ವಾರ, ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ಜ್ಞಾನಸ್ನಾನದ ವರ್ಷ ಬರೆದುಕೊಂಡು ಹೋದರೆ ಹುಡುಕುವವರಿಗೂ ಸುಲಭ.